ಮೇಯರ್ ಕ್ರಾಸ್ಕಿಯವರ ಕತ್ತರಿ

ಒಹಾಯೋದ ನಮ್ಮ ಹಾರ್ಲನ್ ಫಾಲ್ಸ್‌ನಲ್ಲಿ ಮೇಯರ್ ಡೆಲ್ಬರ್ಟ್ ಕ್ರಾಸ್ಕಿಯವರನ್ನು ಇಪ್ಪತ್ತೆರಡು ವರ್ಷಗಳಿಂದ ಯಾರೂ ಸೋಲಿಸಿಲ್ಲ. ಅವರ ಹೆಗಲ ಮೇಲಿನ ಮೂರಡಿ ಕತ್ತರಿಯ ಎದುರು ನಿಲ್ಲುವ ಧೈರ್ಯ ಯಾರಿಗಿದೆ? ಹೊಸ ಅಂಗಡಿಗೆ ರಿಬ್ಬನ್ ಕತ್ತರಿಸುವುದು ಎಲ್ಲ ಮೇಯರುಗಳ ಕೆಲಸ. ನಮ್ಮವರು ಮುಚ್ಚಿದ ರಸ್ತೆಗುಂಡಿಗೂ, ಬಣ್ಣ ಬಳಿದ ಬೆಂಚಿಗೂ ಕತ್ತರಿಸುತ್ತಾರೆ. ಮಂಡಿ ಆಪರೇಷನ್ ಮಾಡಿಸಿಕೊಂಡು ನಾನು ಮನೆಗೆ ಬಂದರೆ ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬ್ಬನ್. "ಮೇಯರ್ರೇ, ಒಳಗೆ ಬಿಡ್ರೀ, ಕಾಲು ಸಿಡೀತಿದೆ" ಎಂದೆ. "ಒಂದ್ನಿಮಿಷ ತಡ್ಕೊಳ್ಳಿ, ಫೋಟೋದವನು ಬರ್ಲಿ. ಹೊಸ ಮಂಡಿ ಅಂದ್ರೆ ಊರಿನ ಅಭಿವೃದ್ಧಿ ಅಲ್ವೇನ್ರೀ?" ಎಂದರು. ಕತ್ತರಿಸಿದ ಮೇಲೆ ಒಂದು ತುಂಡನ್ನು ಮಡಿಚಿ, ಯಾರದೆಂದು ಹೆಸರು ಬರೆದು ಜೇಬಿಗಿಳಿಸುವುದು ಅವರ ಚಾಳಿ; ಮುಂದಿನ ಚುನಾವಣೆಯಲ್ಲಿ ತೋರಿಸುವುದಕ್ಕೆ ಎಂದು ನಾವೆಲ್ಲ ನಗುತ್ತಿದ್ದೆವು. ಕಳೆದ ವಾರ ಲೋರೀನ್ ತನ್ನ ಡೋನಟ್ ಅಂಗಡಿಗೆ ಕೊನೆಯ ಸಲ ಬೀಗ ಹಾಕಿದಳು. ಮೇಯರ್ ಬಂದರು, ಕತ್ತರಿಯೂ ಇಲ್ಲ, ಫೋಟೋದವನೂ ಇಲ್ಲ. ಜೇಬಿನಿಂದ ಅವಳ ಹೆಸರಿದ್ದ, ಅಂಗಡಿ ತೆರೆದ ದಿನದ ಬಣ್ಣ ಮಾಸಿದ ರಿಬ್ಬನ್ ತುಂಡು ತೆಗೆದು, "ಹತ್ತೊಂಬತ್ತು ವರ್ಷ ಆಯ್ತಮ್ಮ. ಇನ್ನೊಂದು ತುಂಡು ಇಟ್ಕೊಂಡಿದೀಯಾ?" ಎಂದು ಕೇಳಿದರು. ಅವಳು ಚೀಲದಿಂದ ತೆಗೆದುಕೊಟ್ಟಳು. ಎರಡನ್ನೂ ಸೇರಿಸಿ ಗಂಟು ಹಾಕಿ, ಬಾಗಿಲಿಗೆ ಅಡ್ಡವಾಗಿ ಮತ್ತೆ ಕಟ್ಟಿದರು. ಮುಚ್ಚಿದ ಅದೆಷ್ಟೋ ಅಂಗಡಿಗಳಿಗೆ ಹೀಗೆ ಕಟ್ಟಿದ್ದ ಬೆರಳಿಗೆ ಆ ಕೆಲಸ ಎಷ್ಟು ರೂಢಿಯಾಗಿತ್ತೆಂದರೆ, ಅವರು ಒಮ್ಮೆಯೂ ಗಂಟಿನ ಕಡೆ ನೋಡಲಿಲ್ಲ.