ಹೆಡರ್‌ನ ಕಾವು, ಅವರ ಮೂಗು

ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿದ್ದಾಗ ನಮ್ಮ ಯಜಮಾನರಿಗೆ ಇಬ್ಬರು ಹೆಂಡಿರು ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ಎರಡನೆಯವಳು ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಂತಿರುತ್ತಿದ್ದಳು: ಹಳೆಯ ಬಿಳಿ ಜಪಾನಿ ಕಾರು. ಹಗಲೆಲ್ಲ ಚಿಪ್ ಫ್ಯಾಕ್ಟರಿಯಲ್ಲಿ ಟೋಪಿ, ಗೌನು ತೊಟ್ಟು ಧೂಳಿಲ್ಲದ ಕೋಣೆಯಲ್ಲಿ ಕೆಲಸ ಮಾಡುವವರು, ಮನೆಗೆ ಬಂದರೆ ಮೊಣಕೈವರೆಗೆ ಗ್ರೀಸು ಮೆತ್ತಿಕೊಳ್ಳುತ್ತಿದ್ದರು.

ಕಾರು ಇನ್ನೂ ಜೋರಾಗಿ ಓಡಲಿ ಎಂದು ಅವರು ಅದರ ಹೆಡರ್ ಬದಲಾಯಿಸಿದ್ದರು. ಎಂಜಿನ್ನಿನ ಸುಡು ಹೊಗೆಯನ್ನು ಹೊರಗೆ ಒಯ್ಯುವ ಕೊಳವೆಗಳ ಗೊಂಚಲು ಅದು. ಹೊಸದು ಬಂದ ಮೇಲೆ ಶಕ್ತಿಯೇನೋ ಹೆಚ್ಚಿತು, ಬಾನೆಟ್ ಒಳಗಿನ ಕಾವೂ ಹೆಚ್ಚಿತು. ಪಕ್ಕದ ವೈರು, ರಬ್ಬರ್ ಪೈಪುಗಳೆಲ್ಲ ಬೇಯತೊಡಗಿದವು. ಈ ಊರಿನ ಸೆಕೆಯೇ ಸಾಲದಾಗಿತ್ತೇ ಎಂದು ನಾನು ಗೊಣಗಿದೆ. ಅಷ್ಟರಲ್ಲಿ ಲಾಕ್‌ಡೌನ್ ಬಂದು ಗ್ಯಾರೇಜುಗಳು ಮುಚ್ಚಿದವು. ಕಾವಿಗೆ ಮದ್ದು ಮಾಡುವ ಕೆಲಸವನ್ನು ಇವರೇ ಕೈಗೆತ್ತಿಕೊಂಡರು. ಗಾಜಿನ ನಾರಿನ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಮುರಿದ ಕೈಗೆ ಬ್ಯಾಂಡೇಜ್ ಕಟ್ಟುವ ಹಾಗೆ ಒಂದೊಂದೇ ಕೊಳವೆಗೆ ಬಿಗಿಯಾಗಿ ಸುತ್ತಿ, ಸ್ಟೀಲ್ ಕ್ಲಿಪ್ಪು ಹಾಕಿದರು. ಅದರ ಮೇಲೊಂದು ಅಲ್ಯೂಮಿನಿಯಂ ತಗಡಿನ ಮರೆ. ನಾರು ಚುಚ್ಚಿ ತೋಳೆಲ್ಲ ಕೆರೆದುಕೊಳ್ಳುತ್ತಾ ಮೇಲೆ ಬರುತ್ತಿದ್ದರು, ಮುಖದಲ್ಲಿ ಮಾತ್ರ ಗೆದ್ದು ಬಂದ ಕಳೆ. ಆ ಪಟ್ಟಿಗೆ ಎಣ್ಣೆ ಸೋಕಬಾರದು, ಎಣ್ಣೆ ಕುಡಿದರೆ ಅದು ದೀಪದ ಬತ್ತಿಯೇ ಆಗಿಬಿಡುತ್ತದೆ ಎಂದು ಕೇಳದಿದ್ದರೂ ನನಗೆ ಪಾಠ ಮಾಡಿದರು.

ಕಾವು ಅಳೆಯಲು ಮೀಟರ್ ಇತ್ತು. ಆದರೆ ಅವರು ನಂಬುತ್ತಿದ್ದುದು ತಮ್ಮ ಮೂಗನ್ನು. ಒಂದು ಸುತ್ತು ಹೋಗಿ ಬಂದವರೇ ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಮೂಸಿ, ಇದು ರಬ್ಬರ್, ಇದು ಕೂಲಂಟ್, ಇದು ವೈರಿನ ಸಿಪ್ಪೆ ಎಂದು ಹೇಳಿಬಿಡುತ್ತಿದ್ದರು. ಹಾಲ್‌ನಲ್ಲಿ ಕೂತೇ ಸಾರಿಗೆ ಇಂಗು ಬಿದ್ದಿಲ್ಲ ಎಂದು ಕಂಡುಹಿಡಿಯುವ ಮೂಗು ಅದು. ನನಗೆ ಅದರ ಮೇಲೆ ಎಷ್ಟು ಕೋಪವೋ ಅಷ್ಟೇ ಹೆಮ್ಮೆ.

ಲಾಕ್‌ಡೌನಿನ ಎರಡನೇ ವರ್ಷ ಅವರಿಗೆ ಕೊರೋನಾ ಬಂತು. ಜ್ವರ ಇಳಿಯಿತು, ಕೆಮ್ಮು ಹೋಯಿತು, ಮೂಗು ಮಾತ್ರ ಸತ್ತೇ ಹೋಯಿತು. ದಿನಾ ಬೆಳಿಗ್ಗೆ ಕಾಫಿಪುಡಿ ಡಬ್ಬಿಗೆ ಮುಖ ಹುದುಗಿಸಿ ನಿಲ್ಲುತ್ತಿದ್ದರು. ನಾನೂ ಮಗಳೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಅವರನ್ನೇ ನೋಡುತ್ತಿದ್ದೆವು. ಅವರು ತಲೆಯಾಡಿಸಿ ಡಬ್ಬಿ ಮುಚ್ಚುತ್ತಿದ್ದರು. ಊಟದ ಹೊತ್ತಿಗೆ ಎದುರು ಕೂರುವುದೇ ಕಷ್ಟವಾಯಿತು. ಸಾರಿಗೆ ಇಂಗು ಬಿದ್ದರೂ ಬೀಳದಿದ್ದರೂ ಒಂದೇ ಸಮ ನುಂಗುತ್ತಿದ್ದರು. ಕೆಳಗೆ ಕಾರಿನ ಹತ್ತಿರ ಹೋಗುವುದನ್ನೂ ಬಿಟ್ಟರು. ಆಮೇಲೊಂದು ದಿನ ಡಬ್ಬಿಯಿಂದ ತಲೆಯೆತ್ತಿ, ಬಂತು ಎಂದರು. ಮಗಳು ಕುಣಿದಾಡಿದಳು. ತಮಿಳು ಮುಸ್ಲಿಮರ ಮಮಕ್ ಹೋಟೆಲಿನಿಂದ ಮೀ ಗೊರೆಂಗ್ ನೂಡಲ್ಸನ್ನು ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು, ತಂದು ಮನೆಯಲ್ಲೇ ಹಬ್ಬ ಮಾಡಿದೆವು.

ಆ ಸಲ ದಸರೆಯ ಹೊತ್ತಿಗೆ ಸರಿಯಾಗಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದೆಂದು ಸರ್ಕಾರ ಹೇಳಿತು. ಆಯುಧಪೂಜೆ ಮುಗಿಸಿ ಮಾರನೇ ದಿನ ಕ್ಯಾಮರಾನ್ ಹೈಲ್ಯಾಂಡ್ಸ್ ಬೆಟ್ಟಗಳ ತಂಪಿಗೆ ಹೋಗುವುದೆಂದು ನಿಶ್ಚಯಿಸಿದೆವು. ಪೂಜೆಗೆ ಇವರು ಬಾನೆಟ್ ಎತ್ತಿಟ್ಟರು. ಕಾರಿನ ಮೂತಿಗೆ ಕುಂಕುಮ ಹಚ್ಚಿದರೆ ಏನು ಬಂತು, ಬೆವರು ಸುರಿಸುವುದು ಎಂಜಿನ್ನು, ಪೂಜೆ ಅದಕ್ಕೇ ಆಗಬೇಕು ಎಂಬ ವಾದ. ಹೆಡರ್ ಮೇಲಿನ ತಗಡು ಪೀಠದಂತೆ ಸಮತಟ್ಟಾಗಿತ್ತಲ್ಲ, ಎಳ್ಳೆಣ್ಣೆಯ ದೀಪವನ್ನು ಅದರ ಮೇಲೇ ಇಟ್ಟರು. ಮಂಗಳಾರತಿ ಮಾಡುವಾಗ ಅವರ ತೋಳು ತಾಗಿ ದೀಪ ವಾಲಿತು. ತಗಡಿನ ಮೇಲೆ ಹರಿದ ಎಣ್ಣೆಯನ್ನು ಚೆನ್ನಾಗಿಯೇ ಒರೆಸಿದರು. ನಾನು ಆರತಿ ತಟ್ಟೆ ಹಿಡಿದು ಮಗಳೊಂದಿಗೆ ಮೇಲೆ ಹೋದೆ. ಇವರು ಆಮೇಲೆ ಬಂದು, ಸ್ಟಾರ್ಟ್ ಮಾಡಿ ಮೂಸಿ ನೋಡಿದೆ, ಏನೂ ಇಲ್ಲ ಎಂದರು. ಆ ಮೂಗು ಹೇಳಿದ ಮೇಲೆ ಮುಗಿಯಿತು, ನಾನು ಮತ್ತೆ ಕೇಳಲಿಲ್ಲ.

ಮಾರನೇ ಬೆಳಿಗ್ಗೆ ಪೆನಾಂಗಿನ ಜನವೆಲ್ಲ ದ್ವೀಪದಿಂದ ಆಚೆ ದಡಕ್ಕೆ ದಾಟುವ ಸಮುದ್ರದ ಸೇತುವೆಯ ಮೇಲಿತ್ತು. ಗಾಡಿಗಳು ತೆವಳುತ್ತಿದ್ದವು, ಬಾನೆಟ್ ಒಳಗೆ ಗಾಳಿಯಾಡಲು ದಾರಿಯೇ ಇಲ್ಲ. ಆಚೆ ದಡ ಮುಟ್ಟುವಾಗ ಹಿಂದಿನ ಸೀಟಿನಿಂದ ಮಗಳು ಆ ಊರಿನವರ ಇಂಗ್ಲಿಷಿನಲ್ಲಿ, "ಅಮ್ಮಾ, ಸಮ್‌ಥಿಂಗ್ ಈಸ್ ಬರ್ನಿಂಗ್ ಲಾ" ಎಂದಳು. ನನಗೂ ಗಪ್ಪೆಂದು ಬಡಿಯಿತು. ಒಗ್ಗರಣೆ ಸೌಟನ್ನು ಒಲೆಯ ಮೇಲೆ ಮರೆತಾಗಿನ ವಾಸನೆ.

"ಏನ್ರೀ ಇದು ವಾಸನೆ?" ಎಂದೆ.

ಅವರು ಮಾಸ್ಕ್ ಇಳಿಸಿ, ಯಾವಾಗಿನಂತೆ ಉಸಿರೆಳೆದು, "ರಬ್ಬರ್. ಮುಂದಿನ ಲಾರಿದು" ಎಂದರು.

ನಾನು ಅವರ ಮುಖ ನೋಡಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಎಳ್ಳೆಣ್ಣೆ ರೀ ಅದು."

ಅವರು ಕಾರನ್ನು ಪಕ್ಕಕ್ಕೆ ತೆಗೆದರು. ಬಾನೆಟ್ಟಿನ ಅಂಚಿನಿಂದ ಹೊಗೆ ಏಳುತ್ತಿತ್ತು. ಮಗಳನ್ನು ಎತ್ತಿಕೊಂಡು ದೂರ ಹೋಗು ಎಂದು ಕೂಗಿ, ಸೀಟಿನ ಕೆಳಗಿದ್ದ ಬೆಂಕಿ ಆರಿಸುವ ಸಿಲಿಂಡರ್ ತೆಗೆದು, ಬಾನೆಟ್ಟನ್ನು ಚೂರೇ ಎತ್ತಿ ಸಿಂಪಡಿಸಿದರು. ಬೆಂಕಿ ಆರಿತು. ತಗಡಿನ ಅಡಿಗೆ ಇಳಿದ ಎಣ್ಣೆಯನ್ನು ಪಟ್ಟಿ ಸದ್ದಿಲ್ಲದೆ ಕುಡಿದಿತ್ತು. ವೈರುಗಳು ಕರಗಿ ಮುದ್ದೆಯಾಗಿದ್ದವು, ಎಲ್ಲದರ ಮೇಲೂ ಬಿಳಿ ಪುಡಿ.

ಕಾರು ಎಳೆದೊಯ್ಯುವ ಗಾಡಿಗೆ ಕಾಯುತ್ತಾ ರಸ್ತೆಬದಿಯ ಹುಲ್ಲಿನಲ್ಲಿ ಕೂತೆವು. ಮಗಳು ಅತ್ತು ಅತ್ತು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನನಗೆ ಅವರನ್ನು ಹಿಡಿದು ಜಾಡಿಸುವಷ್ಟು ಸಿಟ್ಟು ಬಂದಿತ್ತು. ಮಗು ಹಿಂದೆ ಕೂತಿತ್ತಲ್ಲ, ವಾಸನೆ ಬಂತೆಂದು ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ದಿನಾ ಡಬ್ಬಿಯ ಮುಂದೆ ನಮ್ಮಿಬ್ಬರ ಮುಖ ನೋಡಲಾಗುತ್ತಿರಲಿಲ್ಲ ಎಂದರು. ಒಂದಲ್ಲ ಒಂದು ದಿನ ಬಂದೇ ಬರುತ್ತದೆ, ಆಗ ಸುಳ್ಳು ತಾನಾಗಿ ನಿಜವಾಗುತ್ತದೆ ಎಂದುಕೊಂಡಿದ್ದರಂತೆ.

ಆಮೇಲೆ ಅವರೇ ಹೇಳಿದರು. "ಪೆಟ್ರೋಲ್ ವಾಸನೆ ಹೇಗಿತ್ತು ಅಂತ ನೆನಪಿದೆ. ಸುಟ್ಟ ಕ್ಲಚ್ ನೆನಪಿದೆ. ನಿಂದು ಮಾತ್ರ ಎಷ್ಟು ಯೋಚ್ನೆ ಮಾಡಿದ್ರೂ ನೆನಪಿಗೆ ಬರ್ತಿಲ್ಲ ಕಣೇ."

ಕಾಯಿಲೆ ಬಿದ್ದೆದ್ದ ಮೇಲೆ ಅವರು ಹೊಸದೊಂದು ರೂಢಿ ಮಾಡಿಕೊಂಡಿದ್ದರು. ನಾನು ಒಲೆಯ ಮುಂದಿದ್ದಾಗ ಹಿಂದಿನಿಂದ ಬಂದು, ನನ್ನ ಕತ್ತಿಗೆ ಮುಖ ಒತ್ತಿ ನಿಂತುಬಿಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಗೆ ಪ್ರೀತಿ ಉಕ್ಕಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಪಾಪ, ಅವರು ಹುಡುಕುತ್ತಿದ್ದರು.