ಗಬ್ಬ ನಿಲ್ಲದ ಒಂಟೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗಲ್ಫಿನ ಸೂರ್ ಪಟ್ಟಣದ ಹತ್ತಿರದ ಒಂದು ಪಶು ಚಿಕಿತ್ಸಾಲಯದಲ್ಲಿ ಡಾಕ್ಟರಾಗಿದ್ದೆ. ಗಂಡನ ಕೆಲಸ ದೂರದ ರೂವಿ ಪೇಟೆಯಲ್ಲಿ. ರಜೆ ಸಿಕ್ಕಾಗ ಮಾತ್ರ ಸಂಸಾರ. ಊರಲ್ಲಿ ದನ, ಎಮ್ಮೆ ನೋಡಿ ಕಲಿತವಳಿಗೆ ಒಂಟೆಗಳು ಸುಲಭಕ್ಕೆ ಮರ್ಯಾದೆ ಕೊಡಲಿಲ್ಲ. ಒಂದಂತೂ ನನ್ನ ದುಪಟ್ಟಾವನ್ನೇ ಅಗಿದು ಹಾಕಿತ್ತು.

ಒಂದು ದಿನ ಒಬ್ಬ ಅಜ್ಜಿ ತನ್ನ ಹೆಣ್ಣೊಂಟೆಯನ್ನು ಪಿಕಪ್ಪಿನಲ್ಲಿ ತಂದಳು. ಗಂಡು ಹತ್ತಿರ ಬಂದಾಗ ಬಾಲ ಎತ್ತಿದರೆ ಒಂಟೆಗೆ ಗಬ್ಬ ನಿಂತಿದೆ ಎಂದರ್ಥ; ಅಲ್ಲಿಯವರ ಪರೀಕ್ಷೆ ಅದೇ. ಇದು, ಒಂಟೆಗಳು ಕೂಡುವ ಚಳಿಗಾಲ ಎಷ್ಟೋ ಕಳೆದರೂ, ಬಾಲ ಎತ್ತಿರಲಿಲ್ಲ. ಅದಕ್ಕೆ ಮದ್ದೆಂದು ಪಕ್ಕೆಗೆ ಕಾದ ಕಬ್ಬಿಣದ ಬರೆ ಎಳೆದಿದ್ದರು. ನಮ್ಮ ಕಡೆ ಕಾಮಾಲೆಗೆ ಮಕ್ಕಳಿಗೇ ಬರೆ ಹಾಕುವುದನ್ನು ನೋಡಿ ಬೆಳೆದವಳು ನಾನು. ಆದರೂ ಸಿಟ್ಟು ನೆತ್ತಿಗೇರಿತು.

"ಇನ್ನೊಂದು ಬರೆ ಹಾಕಿ ನೋಡ್ತಾರಂತೆ ಡಾಕ್ಟ್ರೇ. ಆಗದಿದ್ರೆ ಖಲಾಸ್, ಕಟುಕನಿಗೆ," ಎಂದು ಅಜ್ಜಿಯ ಅರಬಿ ಮಾತನ್ನು ಕನ್ನಡದಲ್ಲಿ ಹೇಳಿದರು ನನ್ನ ಸಹಾಯಕರು, ಉಳ್ಳಾಲದ ಕಡೆಯ ಬ್ಯಾರಿ. "ನೀವು ಸೂಜಿ ಕೊಟ್ರೆ ಅದೆಲ್ಲ ಬೇಡಂತೆ."

ಒಂಟೆಯನ್ನು ಕೂರಿಸಿ, ಮುಂಗಾಲು ಕಟ್ಟಿಸಿ, ಕೈ ಹಾಕಿ ತಡಕಿದೆ. ಗರ್ಭಕೋಶ ಇರಬೇಕಾದ ಕಡೆ ದಾರದಂಥ ಒಂದು ಪಟ್ಟಿ ಮಾತ್ರ. ಯೋನಿಯ ದಾರಿ ಸ್ವಲ್ಪ ಒಳಗೇ ಮುಚ್ಚಿಕೊಂಡಿತ್ತು. ನಂಬಲಾಗದೆ ಮತ್ತೆ ತಡಕಿದೆ. ಅನುಮಾನವೇ ಇರಲಿಲ್ಲ.

"ಹುಟ್ಟಿದಾಗಿಂದ್ಲೇ ಹೀಗೆ ಅಂತ ಹೇಳಿ," ಎಂದೆ. "ಸೂಜಿಯಿಂದ್ಲೂ ಆಗೂದಿಲ್ಲ, ಬೆಂಕಿಯಿಂದ್ಲೂ ಆಗೂದಿಲ್ಲ. ಯಾರ ತಪ್ಪೂ ಅಲ್ಲ."

ಹೇಳಿದ ಮೇಲೆ ಹೆದರಿದೆ. ಬರೆ ತಪ್ಪಿಸಲು ಹೋಗಿ ಕಟುಕನ ದಾರಿ ತೋರಿಸಿದೆನೇ ಎನಿಸಿತು.

ಅಜ್ಜಿ ಒಂಟೆಯ ಕುತ್ತಿಗೆ ಸವರಿದಳು. ಆಮೇಲೆ ಮೆಲ್ಲಗೆ ಏನೋ ಅಂದಳು.

"ಅದರ ತಪ್ಪಲ್ಲ ಅಂದ್ರೆ ಯಾಕೆ ಕೊಡೂದು, ಮನೆಯಲ್ಲೇ ಇರಲಿ ಅಂತಾರೆ," ಎಂದರು ಸಹಾಯಕರು.

ನನಗೆ ಹೋದ ಜೀವ ಬಂದಂತಾಯಿತು. ಅಜ್ಜಿ ಪಿಕಪ್ಪಿನಿಂದ ಫ್ಲಾಸ್ಕು, ಖರ್ಜೂರದ ತಟ್ಟೆ ತಂದು, ಕಾಫಿ ಬಗ್ಗಿಸಿ ಕೊಟ್ಟು, ಮಕ್ಕಳೆಷ್ಟು ಎಂದು ಸಹಾಯಕರ ಮೂಲಕ ಕೇಳಿದಳು. ಮದುವೆಯಾಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ ಎಂದೆ. ಮುಂದಿನದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೆ. ರೂವಿಯಲ್ಲಿ ನಮ್ಮ ಕಡೆಯವರ ಮನೆಗೆ ಊಟಕ್ಕೆ ಹೋದರೆ ಪಾಯಸಕ್ಕಿಂತ ಮೊದಲೇ ಆ ಮಾತು ಬರುತ್ತಿತ್ತು: ಯಾವ ಡಾಕ್ಟರು, ಯಾವ ಹರಕೆ, ದೋಷ ಯಾರದ್ದು.

ಅಜ್ಜಿ ಏನೂ ಕೇಳಲಿಲ್ಲ. ಖರ್ಜೂರದ ತಟ್ಟೆಯನ್ನು ನನ್ನ ಕಡೆ ಸರಿಸಿ, ತಿನ್ನು ಎಂದು ಕೈ ತೋರಿಸಿದಳು. ಆಕೆಗೆ ನಾನು ಇವತ್ತಿಗೂ ಋಣಿ. ಆ ವರ್ಷಗಳಲ್ಲಿ ನನ್ನನ್ನು ಗುಣಪಡಿಸಲು ಹೋಗದೆ ಬರೀ ತಿನ್ನಲು ಕೊಟ್ಟವಳು ಆಕೆಯೊಬ್ಬಳೇ.