ಅಜ್ಜಿಯ ಪೂಜೆಯೂ ಆರೂವರೆ ಬಸ್ಸೂ

ಡಿಗ್ರಿಗೆ ಸೇರಿದ ಮೊದಲ ವಾರ ನಮ್ಮನ್ನೆಲ್ಲ ಸೆಮಿನಾರ್ ಹಾಲ್‌ನಲ್ಲಿ ಕೂರಿಸಿ, ಹೊರಗಿನಿಂದ ಕರೆಸಿದ್ದ ಒಬ್ಬರು ಸಮಯ ಪಾಲನೆಯ ಬಗ್ಗೆ ಎರಡು ಗಂಟೆ ಮಾತಾಡಿದರು. ಅವರೇ ಮುಕ್ಕಾಲು ಗಂಟೆ ತಡವಾಗಿ ಬಂದಿದ್ದರು ಎನ್ನುವ ಮಾತನ್ನು ಯಾರೂ ಎತ್ತಲಿಲ್ಲ. ಇಪ್ಪತ್ನಾಲ್ಕು ಗಂಟೆಯನ್ನೂ ಚೌಕ ಚೌಕ ಮಾಡಿ ತುಂಬಿಸಿ ಎಂದರು. ನನಗೆ ಮೊದಲೇ ಪಟ್ಟಿ ಮಾಡುವ ಚಟ. ಅವತ್ತೇ ತುಮಕೂರಿನ ಬಸ್ ಸ್ಟ್ಯಾಂಡ್ ಹತ್ತಿರ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಕೊಂಡು ಊರಿನ ಬಸ್ಸು ಹತ್ತಿದೆ.

ನಮ್ಮ ಮನೆ ಚೇಳೂರಿನಲ್ಲಿ. ನಡುಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ ನನ್ನ ಚಾರ್ಟು ಏರಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಓದಿದಳು. "ಊಟಕ್ಕೆ ಇಪ್ಪತ್ತು ನಿಮಿಷ ಅಂತ ಬರ್ದಿದೀಯ. ತಟ್ಟೆ ತೊಳೆಯೋದು ಯಾವ ಬಣ್ಣದಲ್ಲಿದೆ ತೋರ್ಸು" ಎಂದಳು. ನಗು ಬಂದರೂ ಬಿಗಿದುಕೊಂಡೇ ಇದ್ದೆ.

ಅದೇ ತಿಂಗಳು ಗುಬ್ಬಿಯ ದೊಡ್ಡಪ್ಪನ ಮನೆಯಿಂದ ಅಜ್ಜಿ ನಮ್ಮಲ್ಲಿಗೆ ಬಂದಳು. ಅಪ್ಪನ ತಾಯಿ. ದೊಡ್ಡಪ್ಪನ ಮನೆಯಲ್ಲಿ ಏನಾಯಿತೆಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದು ಟ್ರಂಕು ಇಟ್ಟುಕೊಂಡು, ಮನೆಗೆ ಬಂದ ನೆಂಟರ ಹಾಗೆ ಎಲ್ಲದಕ್ಕೂ "ಆಯ್ತವ್ವ" ಎನ್ನುತ್ತಿದ್ದಳು. "ಅವರನ್ನ ಅದು ಹಿಂಗಲ್ಲ, ಇದು ಹಂಗಲ್ಲ ಅನ್ನೋಕೆ ಹೋಗ್ಬೇಡ" ಎಂದು ಅಮ್ಮ ನನಗೆ ಮೊದಲೇ ತಾಕೀತು ಮಾಡಿದ್ದಳು. ಅಜ್ಜಿಗೆ ನಡುಮನೆಯಲ್ಲಿ ಮಂಚ ಹಾಕಿದೆವು. ಅದರ ಪಕ್ಕ ನೆಲದ ಮೇಲೆ ನನ್ನ ಚಾಪೆ.

ಅಜ್ಜಿ ದಿನವೂ ಸ್ನಾನ ಮಾಡಿ ಅದೇ ನಡುಮನೆಯಲ್ಲಿ ಲಿಂಗಪೂಜೆಗೆ ಕೂರುವಳು. ಹಿರಿಯರು ಪೂಜೆಗೆ ಕೂತಾಗ ಹೊಸಿಲು ದಾಟುವುದು ನಮ್ಮ ಮನೆಯಲ್ಲಿ ಇಲ್ಲ. ಪೂಜೆ ಮುಗಿದ ಮೇಲೆ ಅವರ ಕಾಲು ಮುಟ್ಟಿ, ಹಣೆಗೆ ವಿಭೂತಿ ಇಡಿಸಿಕೊಂಡೇ ಹೊರಡಬೇಕು. ಐದೂವರೆಗೆ ಅಮ್ಮ ಅಡುಗೆಮನೆಯ ಲೈಟು ಹಾಕಿದ ಮೇಲೆ ನಾನೂ ಅಜ್ಜಿಯೂ ಏಳುತ್ತಿದ್ದೆವು. ಮೊದಲು ನನ್ನ ಸ್ನಾನ, ಆಮೇಲೆ ಅವಳದು. ಆರು ದಾಟಿ ಪೂಜೆಗೆ ಕೂತರೆ ಏಳುವಾಗ ಆರೂ ಮುಕ್ಕಾಲು. ಗುಬ್ಬಿಗೆ ಹೋಗುವ ಆರೂವರೆ ಬಸ್ಸು ಹಾರ್ನ್ ಮಾಡಿಕೊಂಡು ಹೋಗುವುದನ್ನು ನಾನು ಬ್ಯಾಗು ಹೆಗಲಿಗೇರಿಸಿಕೊಂಡು ಒಳಗೇ ನಿಂತು ಕೇಳುತ್ತಿದ್ದೆ. ಮುಂದಿನ ಬಸ್ಸು ಏಳೂ ಕಾಲಿಗೆ. ಗುಬ್ಬಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ನುಗ್ಗಿ, ಆಧಾರ್ ಕಾರ್ಡು ತೋರಿಸಿ ಟಿಕೆಟ್ ಹರಿಸಿಕೊಂಡು ತುಮಕೂರು ಮುಟ್ಟಿ, ಕಾಲೇಜಿಗೆ ಓಡಿದರೂ ಒಂಬತ್ತಾಗುತ್ತಿತ್ತು.

ವಾರಕ್ಕೆ ನಾಲ್ಕು ಗಣಿತದ ಕ್ಲಾಸು, ಅದರಲ್ಲಿ ಎರಡು ಎಂಟೂವರೆಗೆ. ಮೇಡಂ ಬಂದ ತಕ್ಷಣ ಹಾಜರಿ ಕೂಗಿಬಿಡುವರು. ತಡವಾಗಿ ಬಂದವರು ಕೂತು ಪಾಠ ಕೇಳಬಹುದು, ಹಾಜರಿ ಸಿಗದು. ಸೆಮಿಸ್ಟರಿನ ನಡುವೆ ಅವರು ನನ್ನನ್ನು ಸ್ಟಾಫ್ ರೂಮಿಗೆ ಕರೆದರು. "ನೋಡಮ್ಮ, ಟೆಸ್ಟಲ್ಲಿ ಚೆನ್ನಾಗಿ ಮಾಡಿದೀಯ. ಆದ್ರೆ ಅಟೆಂಡೆನ್ಸ್ ಎಪ್ಪತ್ತೈದು ಪರ್ಸೆಂಟ್ ಆಗ್ದೆ ಇದ್ರೆ ಗಣಿತ ಬರೆಯೋಕೆ ಬಿಡಲ್ಲ. ಆ ಪೇಪರ್ರು ಮುಂದಿನ ವರ್ಷ ಜೂನಿಯರ್ಸ್ ಜೊತೆ ಬರೀಬೇಕಾಗುತ್ತೆ. ಇನ್ಮೇಲೆ ಒಂದೂ ತಪ್ಪಿಸ್ಬೇಡ" ಎಂದರು. ಕಾಲೇಜಿನ ಹತ್ತಿರವೇ ಇರುವ ಶೆಟ್ಟಿಹಳ್ಳಿಯ ನನ್ನ ಗೆಳತಿ ಎಂಟು ಗಂಟೆಗೆ ಎದ್ದು, ಒದ್ದೆ ಕೂದಲಲ್ಲೇ ಬಂದು, ಪ್ರತಿದಿನ ಹಾಜರಿ ಹಾಕಿಸಿಕೊಳ್ಳುತ್ತಿದ್ದಳು. ಅವಳನ್ನು ಕಂಡರೆ ಮೈ ಉರಿಯುತ್ತಿತ್ತು. ಪಾಪ, ಅವಳ ತಪ್ಪೇನಿತ್ತು!

ಮನೆಗೆ ಬಂದು ಚಾರ್ಟನ್ನು ಹೊಸದಾಗಿ ಬರೆದೆ. ರಾತ್ರಿಯೇ ಜಡೆ, ರಾತ್ರಿಯೇ ಇಸ್ತ್ರಿ. ಬೆಳಗಿನ ಓದಿಗೆ ನಾಲ್ಕೂವರೆಗೆ ಅಲಾರಂ. ಬದಲಾಯಿಸಲು ಕೈಬಾರದ ಚೌಕ ಒಂದೇ, ಅಜ್ಜಿಯ ಪೂಜೆ. ಅಜ್ಜಿಗೆ ಹೇಳಿದರೆ ಇಲ್ಲೂ ತಾನು ಅಡ್ಡವಾದೆ ಎಂದುಕೊಂಡಾಳು, ಟ್ರಂಕು ಹಿಡಿದು ಮತ್ತೆ ಎಲ್ಲಿಗೆ ಹೋದಾಳು ಎಂದು ಹೆದರಿ ಬಾಯಿ ಬಿಡಲಿಲ್ಲ. ನಾಲ್ಕೂವರೆಗೆ ದಿಂಬಿನ ಕೆಳಗೆ ಮೊಬೈಲು ಗುರ್ ಎನ್ನುವುದು. ಅಜ್ಜಿಯ ನಿದ್ದೆ ಕೆಡಬಾರದೆಂದು ನಾನು ಏಳದೆ, ದುಪ್ಪಟಿ ಮುಸುಕು ಹಾಕಿಕೊಂಡು ಮೊಬೈಲಿನ ಬೆಳಕಿನಲ್ಲೇ ನೋಟ್ಸು ಓದುತ್ತಿದ್ದೆ. ಹಾಳೆ ತಿರುವುವುದಕ್ಕೂ ಅಂಜಿಕೆ.

ಹೀಗೆ ಮೂರು ವಾರ ಹೋಯಿತು. ಹಾಜರಿ ಕೆಳಗಿಳಿಯುತ್ತಲೇ ಇತ್ತು. ಒಂದು ದಿನ ಮುಸುಕಿನೊಳಗೆ ಲೆಕ್ಕ ಬಿಡಿಸುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಅಳು ಒತ್ತರಿಸಿ ಬಂತು.

"ಯಾಕವ್ವ?" ಎಂದಳು ಅಜ್ಜಿ ಮಂಚದ ಮೇಲಿಂದ. ದನಿಯಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ.

"ಎಚ್ಚರಾಗೋಯ್ತಾ ಅಜ್ಜಿ?"

"ನಂಗೆ ದಿನಾ ನಾಕು ಗಂಟೆಗೇ ಎಚ್ಚರ ಆಯ್ತದೆ ಕಣವ್ವ. ಗುಬ್ಬೀಲಿ ಐದು ಗಂಟೆಗೆಲ್ಲ ಪೂಜೆ ಮುಗ್ಸಿರ್ತಿದ್ದೆ."

"ಮತ್ತೆ ಇಲ್ಲಿ?"

"ರಾತ್ರಿಯೆಲ್ಲ ಓದಿ ಮಲಗಿರ್ತೀಯ. ನೀರು ನಿಡಿ ಅಂತ ಸದ್ದು ಮಾಡಿದ್ರೆ ಮಗೀಗೆ ನಿದ್ದೆ ಕೆಡ್ತದೆ ಅಂತ ಸುಮ್ಕೆ ಬಿದ್ದಿರ್ತೀನಿ. ನೀನೆದ್ದ ಮೇಲೆ ಏಳೋದು."

ನಾನು ಮುಸುಕು ತೆಗೆದೆ. ಒಬ್ಬರ ನಿದ್ದೆಯನ್ನು ಇನ್ನೊಬ್ಬರು ಕಾಯುತ್ತಾ, ಇಬ್ಬರೂ ಕಣ್ಣು ಬಿಟ್ಟುಕೊಂಡು ಅಷ್ಟು ದಿನ ಆ ಕತ್ತಲಲ್ಲಿ ಬಿದ್ದಿದ್ದೆವು. ಬಸ್ಸಿನ ವೇಳೆ ವಿಚಾರಿಸಿದ್ದೆ, ಲೈಬ್ರರಿಯ ವೇಳೆ ವಿಚಾರಿಸಿದ್ದೆ. ಒಂದು ಮೊಳ ದೂರದಲ್ಲಿ ಮಲಗಿದ್ದವಳನ್ನು ಮಾತ್ರ ಕೇಳಿರಲಿಲ್ಲ. ಬಸ್ಸಿನ ವಿಷಯ, ಹಾಜರಿಯ ವಿಷಯ ಎಲ್ಲ ಹೇಳಿದೆ. ಅಜ್ಜಿ ಮಂಚದ ಮೇಲೆ ಎದ್ದು ಕೂತಳು. "ಒಂದ್ ಮಾತು ಅನ್ನಬಾರದಾ, ಮೂದೇವಿ" ಎಂದು ಬೈದಳು. ನಮ್ಮ ಮನೆಗೆ ಬಂದ ಮೇಲೆ ಅವಳು ನನ್ನನ್ನು ಬೈದದ್ದು ಅದೇ ಮೊದಲು. ನನಗೆ ಹಿತವಾಯಿತು.

ಮಾರನೆಯ ದಿನ ಐದು ಗಂಟೆಗೆ ಪೂಜೆ ಮುಗಿದಿತ್ತು. ಆರೂವರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದೆ. ಎಂಟೂಕಾಲಿಗೆ ಮೊದಲ ಬೆಂಚಿನಲ್ಲಿದ್ದೆ. ಆಮೇಲೆ ಒಂದು ಕ್ಲಾಸೂ ತಪ್ಪಲಿಲ್ಲ. ಸಂಜೆ ಬಂದರೆ ಅಜ್ಜಿಯದು ಒಂದೇ ಪ್ರಶ್ನೆ: "ಸಿಕ್ತಾ ಹಾಜರಿ?"

ಆದರೂ ಕೊನೆಯ ಪಟ್ಟಿಯಲ್ಲಿ ನನಗೆ ಎಪ್ಪತ್ತೊಂದೇ ಆಗಿತ್ತು. ಮೇಡಂ ಪ್ರಿನ್ಸಿಪಾಲರ ತನಕ ಹೋಗಿ ಕೇಳಿದರು, ಆಗಲಿಲ್ಲ. ಉಳಿದ ಪೇಪರುಗಳನ್ನೆಲ್ಲ ಬರೆದೆ. ಗಣಿತದ ವಿಷಯ ಮಾತ್ರ ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಅಜ್ಜಿ ಮಾತ್ರ ಪರೀಕ್ಷೆಗಳ ತಾರೀಕನ್ನೆಲ್ಲ ಅಪ್ಪನಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದಳು.

ಗಣಿತ ಪರೀಕ್ಷೆಯ ದಿನ ನಾಲ್ಕೂವರೆಗೇ ಪೂಜೆ ಮುಗಿಸಿ ನನ್ನ ಭುಜ ಅಲುಗಿಸಿದಳು. ಕೈಯಲ್ಲಿ ವಿಭೂತಿ. "ಏಳವ್ವ, ಇವತ್ತು ಲೆಕ್ಕದ್ದು."

ಇನ್ನು ಮುಚ್ಚಿಡುವಂತಿರಲಿಲ್ಲ. "ಅಜ್ಜಿ, ನಂಗೆ ಅದನ್ನ ಬರೆಯೋಕೆ ಬಿಡ್ತಿಲ್ಲ. ಹಾಜರಿ ಸಾಲ್ದೇ ಹೋಯ್ತು. ಮುಂದಿನ ವರ್ಷ ಬರೀಬೇಕು" ಎಂದೆ.

ಅಜ್ಜಿ ನೀಡಿದ ಕೈ ಹಾಗೇ ನಿಂತಿತು. ತನ್ನಿಂದಲೇ ಆಯಿತೆಂದು ಅಳುತ್ತಾಳೇನೋ ಎಂದು ಹೆದರಿದೆ. ಅವಳು ವಿಭೂತಿಯನ್ನು ನನ್ನ ಹಣೆಗೆ ಹಚ್ಚಿ, ದುಪ್ಪಟಿ ಎಳೆದು ಹೊದಿಸಿದಳು. "ಹಂಗಾರೆ ಇನ್ನೊಂದೀಟು ಮಲಕ್ಕೊ. ನಾನು ಸದ್ದು ಮಾಡಕಿಲ್ಲ" ಎಂದು ಮಂಚಕ್ಕೆ ಹೋಗಿ ಮಲಗಿದಳು.

ಕಣ್ಣು ಮುಚ್ಚಿ ನೋಡಿದೆ, ಮಗ್ಗುಲು ಬದಲಿಸಿದೆ. ಆಮೇಲೆ, "ಅಜ್ಜಿ, ನಂಗೆ ನಿದ್ದೆ ಬರ್ತಿಲ್ಲ" ಎಂದೆ.

"ನಂಗೂ ಇಲ್ಲ ಕಣವ್ವ" ಎಂದಳು. ಮಂಚ ಇಳಿದು ಬಂದು ನನ್ನ ಚಾಪೆಯ ಮೇಲೆ ಕೂತಳು.